ಪಲ್ಲಂಗದ ಕಾಲಿಗೆ ಕಟ್ಟಿದ ಗೂಬೆ

“ಕಟ್” ಎಂದರು ಡೈರೆಕ್ಟರ್. ಆದರೆ ಲೈಟು ಆರಲಿಲ್ಲ.

ಪಲ್ಲಂಗದ ಕಾಲಿನ ಹತ್ತಿರ ಒಂದು ಗೂಬೆ ಕೂತಿತ್ತು. ಅದರ ಮುಖ ಬೆಳ್ಳಗೆ, ಸೇಬನ್ನು ನಡುವೆ ಕೊಯ್ದು ಇಟ್ಟ ಹಾಗಿತ್ತು. ಒಂದು ಕಾಲಿಗೆ ನೈಲಾನ್ ದಾರ ಬಿಗಿದಿದ್ದರು. ದಾರದ ಇನ್ನೊಂದು ತುದಿ ಪಲ್ಲಂಗಕ್ಕೆ ಕಟ್ಟಿತ್ತು. ಲೈಟಿನ ಬೆಳಕು ತಡೆಯಲಾಗದೆ ಗೂಬೆ ಕಣ್ಣು ಮುಚ್ಚುತ್ತಿತ್ತು. ಮುಚ್ಚಿದಾಗೆಲ್ಲ ಅಸಿಸ್ಟೆಂಟ್ ಒಬ್ಬ ಕೋಲಿನಿಂದ ಅದರ ಬೆನ್ನಿಗೆ ತಿವಿಯುತ್ತಿದ್ದ.

“ಅದು ರೆಕ್ಕೆ ಬಡಿಯಬೇಕು, ಮದುಮಗಳು ಚೀರಬೇಕು. ಇಷ್ಟೇ ಸೀನ್,” ಎಂದರು ಡೈರೆಕ್ಟರ್, ಹಿಂದಿಯಲ್ಲಿ. “ಇನ್ನೊಂದು ಸಲ ತಗೊಳ್ಳೋಣ.”

ಗೀತಾಂಜಲಿ ಬಾಗಿಲ ಹೊರಗೆ ನಿಂತು ನೋಡುತ್ತಿದ್ದಳು. ಅವಳ ಅವ್ವ ಸಾವಂತ್ರೆವ್ವ ಈ ಬಂಗಲೆಗೆ ಕಸ ಹೊಡೆಯಲು, ಪಾತ್ರೆ ತಿಕ್ಕಲು ಬರುತ್ತಿದ್ದಳು. ಶಾಲೆಗೆ ಬೇಸಿಗೆ ರಜೆ. ಮಗಳನ್ನು ದುಡಿಯಲು ವಲಸೆ ಬಂದಿದ್ದ ಸಾಂಗೆ ಊರಿನ ಬಾಡಿಗೆ ಖೋಲಿಯಲ್ಲಿ ಒಬ್ಬಳೇ ಬಿಡಲು ಮನಸ್ಸಾಗದೆ ಅವ್ವ ಜೊತೆಗೆ ಕರೆತಂದಿದ್ದಳು.

“ಸುಮ್ಮ ಕುಂದರಬೇಕು. ಏನೂ ಮುಟ್ಟಬಾರದು,” ಎಂದು ದಾರಿಯುದ್ದಕ್ಕೂ ಹೇಳಿದ್ದಳು.

ಬೆಳಿಗ್ಗೆ ಗೂಬೆಯನ್ನು ಕಂಡಾಗ ಅವ್ವ ಕೈಯಲ್ಲಿದ್ದ ಪೊರಕೆಯನ್ನೇ ಕೆಳಗೆ ಹಾಕಿದ್ದಳು. “ಅದರ ಮಾರಿ ನೋಡಬ್ಯಾಡ, ಗೀತಾ. ಗೂಗಿ ನೋಡಿದ್ರ ಮನಿಗೆ ಚಲೋ ಅಲ್ಲ,” ಎಂದು ಸೆರಗು ಮುಚ್ಚಿಕೊಂಡು ಅಡಿಗೆಮನೆಗೆ ಹೋಗಿಬಿಟ್ಟಿದ್ದಳು.

ಗೀತಾಂಜಲಿ ಮಾತ್ರ ಅಲ್ಲಿಂದ ಕದಲಲಿಲ್ಲ. ಇದು ‘ಜಂಗಲ್ ಕಿನಾರೆ’ಯ ಮನೆ. ಪ್ರತಿ ಭಾನುವಾರ ಟಿವಿಯಲ್ಲಿ ನೋಡುವ ಮನೆ.

ಆ ಸೀರಿಯಲ್ ಶುರುವಾದಾಗ ಅವಳು ಇನ್ನೂ ಚಿಕ್ಕವಳು. ಕಾಡಿನ ಅಂಚಿನಲ್ಲಿ ಒಂದು ಬಂಗಲೆ. ಅದರಲ್ಲಿ ಪ್ರಾಣಿಗಳ ಡಾಕ್ಟರ್ ಮೀರಾ, ಅವರ ಗಂಡ, ಇಬ್ಬರು ಮಕ್ಕಳು. ಗಾಯವಾದ ನರಿ, ತಾಯಿಯನ್ನು ಕಳೆದುಕೊಂಡ ಮಂಗನ ಮರಿ, ಎಲ್ಲವೂ ಆ ಮನೆಗೆ ಬರುತ್ತಿದ್ದವು. ವಾಸಿಯಾದ ಮೇಲೆ ಕಾಡಿಗೆ ಹೋಗುತ್ತಿದ್ದವು.

ಅವರ ಚಾಳಿನ ಸಾಲು ಖೋಲಿಗಳಲ್ಲಿ ಟಿವಿ ಇದ್ದದ್ದು ಗೀತಾಂಜಲಿಯ ಖೋಲಿಯಲ್ಲಿ ಮಾತ್ರ. ಭಾನುವಾರ ಅಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಮಕ್ಕಳು ಮುಂದೆ, ದೊಡ್ಡವರು ಹಿಂದೆ, ತಡವಾಗಿ ಬಂದವರು ಕಿಟಕಿಯಲ್ಲಿ. ಬಾವಿಗೆ ಬಿದ್ದ ಜಿಂಕೆಯನ್ನು ಮೇಲೆತ್ತುವ ಕತೆ ಬಂದ ದಿನ ಯಾರೂ ಉಸಿರೂ ಬಿಟ್ಟಿರಲಿಲ್ಲ.

ಅಪ್ಪ ಭರಮಪ್ಪ ಗೋಡೆ ಕಟ್ಟುವ ಗೌಂಡಿ. ಶೂಟಿಂಗಿಗೆ ಮೊದಲು ಈ ಹಳೆಯ ಬಂಗಲೆಯ ಗೋಡೆಗಳಿಗೆ ಸಿಮೆಂಟಿನ ಗಿಲಾಯಿ ಮಾಡಿದ್ದು ಅವನೇ. ಟಿವಿಯಲ್ಲಿ ಮೀರಾ ಡಾಕ್ಟರ್ ಅಳುತ್ತಿದ್ದರೂ ಅವನು, “ಅಕಿ ಹಿಂದಿನ ಗ್ವಾಡಿ ನಂದು ನೋಡ್ರಿ,” ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು.

ಎರಡನೇ ಸೀಸನ್‌ನಲ್ಲಿ ಒಬ್ಬ ಅತ್ತೆ ಬಂದಳು. ಪ್ರಾಣಿಗಳು ಕಡಿಮೆಯಾದವು. ಈಗ ಮೂರನೇ ಸೀಸನ್. ಒಡವೆ ಕಳುವಾಯಿತು, ಅಣ್ಣ ತಮ್ಮ ಬೇರೆಯಾದರು, ಒಂದು ನಿಶ್ಚಿತಾರ್ಥ ಮುರಿಯಿತು. ಮೀರಾ ಡಾಕ್ಟರ್ ಭಾರವಾದ ಸೀರೆ ಉಟ್ಟು ಹಿಂದೆ ನಿಂತಿರುತ್ತಿದ್ದರು.

“ಈ ವಾರಾನೂ ಪ್ರಾಣಿ ಬರಲಿಲ್ಲ,” ಎಂದು ಪಕ್ಕದ ಖೋಲಿಯ ಅಶ್ವಿನಿ ಎದ್ದು ಹೋಗುತ್ತಿದ್ದಳು. ಕಿಟಕಿಯಲ್ಲಿ ಈಗ ಯಾರೂ ನಿಲ್ಲುತ್ತಿರಲಿಲ್ಲ. ಗೀತಾಂಜಲಿ ಮಾತ್ರ ಕೊನೆಯವರೆಗೂ ನೋಡುತ್ತಿದ್ದಳು. ಮುಂದಿನ ವಾರ ಬರಬಹುದು ಅಂತ.

ಈಗ ಒಂದು ಪಕ್ಷಿ ಬಂದಿತ್ತು, ನಿಜ. ಆದರೆ ಇದೇನು ಮಾಡುತ್ತಿದ್ದಾರೆ?

ಲೈಟಿನ ಕೆಲಸ ಮಾಡುವ ಅಲ್ಲಾವುದ್ದೀನ ಹುಬ್ಬಳ್ಳಿಯವನು. ಅವ್ವನ ಜೊತೆ ಕನ್ನಡ ಮಾತಾಡುತ್ತಿದ್ದ. ಅವನು ವೈರ್ ಸುತ್ತುತ್ತ ಹೊರಗೆ ಬಂದಾಗ ಗೀತಾಂಜಲಿ ಕೇಳಿದಳು.

“ಮಾಮಾ, ಆ ಗೂಗಿಗೆ ಜಡ್ಡ ಆಗೇತೇನ್ರಿ? ಮೀರಾ ಡಾಕ್ಟರ್ ಔಷಧ ಹಾಕ್ತಾರೇನು?”

“ಔಷಧದ ಕತಿ ಎಲ್ಲೈತವ್ವಾ ಈಗ,” ಎಂದ ಅಲ್ಲಾವುದ್ದೀನ. “ಆ ಅತ್ತಿ ಅದಾಳಲ್ಲ, ಅಕಿ ಮದುಮಗಳ ಖೋಲ್ಯಾಗ ಗೂಗಿ ಬಿಡ್ತಾಳ. ಅಪಶಕುನ ಅಂತ ಮದುವಿ ನಿಲ್ಲತೈತಿ. ಅಷ್ಟ.”

“ಎಲ್ಲಿಂದ ತಂದ್ರಿ?”

“ತರೂದೇನು, ಇಲ್ಲೇ ಅಟ್ಟದ ಮ್ಯಾಲ ಇತ್ತು. ನಿನ್ನೆ ಹಂಚು ಸರಿ ಮಾಡುವಾಗ ಸಿಕ್ತು.”

“ಮೊದಲ ಹಿಂಗಿರಲಿಲ್ಲಲ್ರಿ, ಮಾಮಾ.”

ಅಲ್ಲಾವುದ್ದೀನ ವೈರ್ ಸುತ್ತುವುದನ್ನು ನಿಲ್ಲಿಸಿದ. “ಇರಲಿಲ್ಲ. ಮೊದಲಿನ ಡೈರೆಕ್ಟರ್ ಬ್ಯಾರೆ. ಒಂದು ಪಕ್ಷಿ ಗೂಡಿಗೆ ಬರ್ಲಿ ಅಂತ ಮುಂಜಾನಿಂದ ಎಲ್ಲಾರೂ ಚಪ್ಪಲ್ ಬಿಟ್ಟು ಕುಂತಿರ್ತಿದ್ವಿ. ಯಾರೂ ಕೆಮ್ಮತಿರಲಿಲ್ಲ. ಈಗ ಕಾಯಾಕ ಯಾರಿಗೂ ಪುರಸೊತ್ತಿಲ್ಲ. ಜಗಳ ಇದ್ರ ಜನ ನೋಡ್ತಾರಂತ, ಮುಂಬೈದಿಂದ ಫೋನ್ ಬರತೈತಿ.”

ಊಟದ ಬಿಡುವಾಯಿತು. ಎಲ್ಲರೂ ಅಂಗಳದ ಶಾಮಿಯಾನಕ್ಕೆ ಹೋದರು. ಗೂಬೆ ಅಲ್ಲೇ ಉಳಿಯಿತು. ಅದು ಈಗ ಕೂತಿರಲಿಲ್ಲ, ಒಂದು ಕಡೆಗೆ ವಾಲಿತ್ತು. ಬಾಯಿ ತೆರೆದು ಏದುಸಿರು ಬಿಡುತ್ತಿತ್ತು.

ಪಡಸಾಲೆಯಲ್ಲಿ ಮೀರಾ ಡಾಕ್ಟರ್ ಒಬ್ಬರೇ ಕುರ್ಚಿಯಲ್ಲಿ ಕೂತಿದ್ದರು. ಟಿವಿಯಲ್ಲಿ ಕಾಣುವ ಅದೇ ಮುಖ, ಅದೇ ಕೈ. ಆ ಕೈ ನರಿಯ ಕಾಲಿಗೆ ಪಟ್ಟಿ ಕಟ್ಟಿದ್ದನ್ನು ಗೀತಾಂಜಲಿ ನೋಡಿದ್ದಳು. ಅವಳು ಧೈರ್ಯ ಮಾಡಿ ಹತ್ತಿರ ಹೋದಳು.

“ಡಾಕ್ಟರ್ ದೀದಿ,” ಎಂದು ಹಿಂದಿಯಲ್ಲಿ ಹೇಳಿದಳು. “ಗೂಬೆಗೆ ಉಸಿರಾಡಲು ಆಗುತ್ತಿಲ್ಲ. ಸ್ವಲ್ಪ ನೋಡಿ ಬನ್ನಿ.”

ಅವರು ಫೋನಿನಿಂದ ತಲೆ ಎತ್ತಿದರು. ಸಿಟ್ಟಾಗಲಿಲ್ಲ.

“ನಾನು ಡಾಕ್ಟರ್ ಅಲ್ಲಮ್ಮ,” ಎಂದರು ಮೆಲ್ಲಗೆ. “ನನಗೆ ಏನೂ ಗೊತ್ತಾಗುವುದಿಲ್ಲ.”

“ನೀವು ಹೇಳಿದರೆ ಬಿಡುತ್ತಾರೆ.”

“ನಾನು ಹೇಳಿದ್ದು ಇಲ್ಲಿ ಈಗ ಯಾರೂ ಕೇಳುವುದಿಲ್ಲ.” ಅವರು ಸೀರೆಯ ಜರಿ ಅಂಚನ್ನು ಬೆರಳಿಗೆ ಸುತ್ತಿಕೊಂಡರು. ಇನ್ನೇನೋ ಹೇಳುತ್ತಾರೆ ಅನಿಸಿತು. ಅಷ್ಟರಲ್ಲಿ ಫೋನ್ ರಿಂಗಾಯಿತು. ಅವರು ಎದ್ದು ಆಚೆ ಹೋದರು.

ಗೀತಾಂಜಲಿ ಸ್ವಲ್ಪ ಹೊತ್ತು ಆ ಖಾಲಿ ಕುರ್ಚಿಯನ್ನೇ ನೋಡಿದಳು. ಆಮೇಲೆ ಮದುಮಗಳ ಕೋಣೆಗೆ ಹೋದಳು.

ಗಂಟು ಬಿಗಿಯಾಗಿತ್ತು. ಉಗುರಿಗೆ ಸಿಗಲಿಲ್ಲ. ಅವಳು ನೆಲಕ್ಕೆ ಬಗ್ಗಿ ಹಲ್ಲಿನಿಂದ ಎಳೆದಳು. ಗೂಬೆ ಹೆದರಿ ಅವಳ ಮುಂಗೈ ಪರಚಿತು. ನೋವಿಗೆ ಕಣ್ಣಲ್ಲಿ ನೀರು ಬಂತು, ಆದರೂ ದಾರ ಬಿಡಲಿಲ್ಲ. ಕೊನೆಗೆ ಗಂಟು ಸಡಿಲಾಯಿತು.

ಗೂಬೆ ಹಾರಲಿಲ್ಲ. ಕಾಲು ಬಿಡುಗಡೆಯಾಗಿದೆ ಎಂದು ಅದಕ್ಕೆ ತಿಳಿಯಲಿಲ್ಲವೇನೋ. ಗೀತಾಂಜಲಿ ತನ್ನ ಫ್ರಾಕಿನ ತುದಿಯಲ್ಲಿ ಅದನ್ನು ಮೆಲ್ಲಗೆ ಹಿಡಿದು ಎತ್ತಿ ಕಿಟಕಿಯಲ್ಲಿ ಇಟ್ಟಳು. ಎಷ್ಟು ಹಗುರವಾಗಿತ್ತು! ನೋಡಲು ಅಷ್ಟು ದೊಡ್ಡದು, ಎತ್ತಿದರೆ ಭಾರವೇ ಇಲ್ಲ.

“ಏಯ್!”

ಬಾಗಿಲಲ್ಲಿ ಅಸಿಸ್ಟೆಂಟ್ ನಿಂತಿದ್ದ. ಅವನ ಕೂಗಿಗೆ ಡೈರೆಕ್ಟರ್ ಬಂದರು, ಅಲ್ಲಾವುದ್ದೀನ ಬಂದ, ಇನ್ನೂ ಯಾರು ಯಾರೋ ಬಂದರು. ಒದ್ದೆ ಕೈ ಒರೆಸಿಕೊಳ್ಳುತ್ತ ಅವ್ವ ಎಲ್ಲರಿಗಿಂತ ಹಿಂದಿನಿಂದ ಬಂದಳು.

“ದಾರ ಯಾರು ಬಿಚ್ಚಿದ್ದು?” ಎಂದು ಡೈರೆಕ್ಟರ್ ಕೇಳಿದರು. ಅವರ ಧ್ವನಿ ದೊಡ್ಡದಾಗಿರಲಿಲ್ಲ. ತುಂಬ ದಣಿದ ಧ್ವನಿ.

ಗೀತಾಂಜಲಿ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ನಾನೇ ಎಂದು ಹೇಳಬೇಕು ಅಂದುಕೊಂಡಳು. ಬಾಯಿ ತೆರೆದಳು.

ಜನರ ನಡುವಿನಿಂದ ಅವ್ವ ಮುಂದೆ ಬಂದು ಮಗಳನ್ನು ಬಾಗಿಲ ಬದಿಗೆ ಎಳೆದುಕೊಂಡು ಅಡ್ಡ ನಿಂತಳು.

“ಮೈ ಛೋಡಾ, ಸಾಬ್,” ಎಂದಳು. ಅವಳಿಗೆ ಬರುತ್ತಿದ್ದ ಹಿಂದಿ ಅಷ್ಟೇ. ಆಮೇಲೆ ಕನ್ನಡದಲ್ಲೇ ಮುಂದುವರಿಸಿದಳು. “ಕಸ ಹೊಡ್ಯಾಕ ಅಡ್ಡ ಆಗಿತ್ರಿ. ಅದಕ್ಕ ಬಿಚ್ಚಿದ್ನಿ.”

ಎಲ್ಲರೂ ಕಿಟಕಿಗೆ ಬೆನ್ನು ಮಾಡಿ ಅವ್ವನ ಕಡೆಗೆ ತಿರುಗಿದರು. ಅಲ್ಲಾವುದ್ದೀನ ತಲೆ ತಗ್ಗಿಸಿ ಅವಳ ಮಾತನ್ನು ಹಿಂದಿಯಲ್ಲಿ ಹೇಳಿದ. ಅಸಿಸ್ಟೆಂಟ್ ಏನೇನೋ ಬೈದ. ಅವ್ವ ಡೈರೆಕ್ಟರ್ ಮುಖವನ್ನೇ ನೋಡುತ್ತ ನಿಂತಿದ್ದಳು.

ಅವ್ವನ ಹಿಂದಿನಿಂದ ಇಣುಕಿ ಕಿಟಕಿಯ ಕಡೆಗೆ ನೋಡುತ್ತಿದ್ದವಳು ಗೀತಾಂಜಲಿ ಒಬ್ಬಳೇ. ಅವಳು ನೋಡಿದಳು.

ಮತ್ತೆ ಎಲ್ಲರೂ ತಿರುಗಿದಾಗ ಕಿಟಕಿ ಖಾಲಿಯಾಗಿತ್ತು.

ಡೈರೆಕ್ಟರ್ ಹಣೆ ಉಜ್ಜಿಕೊಂಡರು. “ನಾಳೆಯಿಂದ ಇವಳು ಬರುವುದು ಬೇಡ,” ಎಂದಷ್ಟೇ ಹೇಳಿ ಹೊರಗೆ ಹೋದರು.

ಮನೆಗೆ ಹೋಗುವ ದಾರಿಯಲ್ಲಿ, ಬಸ್ ಸ್ಟಾಪಿನಲ್ಲಿ ಅವ್ವ ಮಗಳ ಮುಂಗೈ ಹಿಡಿದು ಗಾಯ ನೋಡಿದಳು. ಸೆರಗಿನ ತುದಿ ಒದ್ದೆ ಮಾಡಿ ಒರೆಸಿದಳು.

“ಅವ್ವಾ, ನೀ ಯಾಕ ಸುಳ್ಳ ಹೇಳಿದಿ?”

“ಆ ಕೋಲಿನಾಂವ ನಿನ್ನ ಮುಂದ ನಿಂತಿದ್ದ.”

“ನಾ ಹೇಳಾಕಿ ಇದ್ನಿ. ಖರೇನ ಹೇಳಾಕಿ ಇದ್ನಿ.”

“ಗೊತ್ತೈತಿ ಬಿಡು,” ಎಂದಳು ಅವ್ವ. ಬಸ್ಸು ಬಂತು.

ಅಪ್ಪನಿಗೆ ಅವ್ವ ಏನು ಹೇಳಿದಳೋ ಗೀತಾಂಜಲಿಗೆ ತಿಳಿಯಲಿಲ್ಲ. ಅಪ್ಪ ಅವಳನ್ನು ಏನೂ ಕೇಳಲಿಲ್ಲ. ಮರುದಿನದಿಂದ ಅವ್ವ ಅವನ ಜೊತೆ ಬಿಲ್ಡಿಂಗ್ ಕೆಲಸಕ್ಕೆ ಹೊರಟಳು. ಅಲ್ಲಿ ನೆರಳಿಲ್ಲ. ಸಿಮೆಂಟಿನ ಬುಟ್ಟಿ ಹೊತ್ತು ಮೆಟ್ಟಿಲು ಹತ್ತಬೇಕು. ಸಂಜೆ ಬಂದಾಗ ಅವಳ ಬೆರಳುಗಳ ತುದಿ ಬಿಳಿಚಿ ಬಿರುಕು ಬಿಟ್ಟಿರುತ್ತಿತ್ತು. ಗೀತಾಂಜಲಿ ದಿನಾ ಕೊಬ್ಬರಿ ಎಣ್ಣೆಯ ಬಾಟಲಿ ತಂದು ಪಕ್ಕದಲ್ಲಿ ಇಡುತ್ತಿದ್ದಳು.

ಮಳೆ ಶುರುವಾಗಿ ಶಾಲೆ ತೆರೆದ ಮೇಲೆ, ಒಂದು ಭಾನುವಾರ ಆ ಕಂತು ಬಂತು.

ಟಿವಿಯ ಮುಂದೆ ಗೀತಾಂಜಲಿ, ಅಶ್ವಿನಿ, ಅಪ್ಪ, ಇಷ್ಟೇ ಜನ. ಮದುಮಗಳು ಕೋಣೆಗೆ ಬಂದಳು. ಕಪ್ಪು ಬೀರುವಿನ ಮೇಲೆ ಗೂಬೆ. ಮದುಮಗಳು ಚೀರಿದಳು. ಡೋಲು ಬಡಿದ ಹಾಗೆ ಸದ್ದು. ಗೂಬೆಯ ಮುಖ ಮತ್ತೆ ಮತ್ತೆ, ಹತ್ತಿರದಿಂದ, ಇನ್ನೂ ಹತ್ತಿರದಿಂದ.

“ಪ್ಲಾಸ್ಟಿಕಿಂದ ಐತಲ್ಲ,” ಎಂದಳು ಅಶ್ವಿನಿ. “ಕಣ್ಣಾಗ ಬಲ್ಬ್ ಹಾಕ್ಯಾರ ನೋಡ.” ಅವಳಿಗೆ ನಗು ತಡೆಯಲಾಗಲಿಲ್ಲ. ಸ್ವಲ್ಪ ಹೊತ್ತಿಗೆ ಅದೂ ಬೇಸರವಾಗಿ ಮನೆಗೆ ಹೋದಳು.

ಮೀರಾ ಡಾಕ್ಟರ್ ಎಲ್ಲರ ಹಿಂದೆ, ಗೋಡೆಗೆ ಒರಗಿ ನಿಂತಿದ್ದರು. ಅವರಿಗೆ ಒಂದು ಮಾತೂ ಇರಲಿಲ್ಲ. ಅಪ್ಪನೂ ಆ ಗೋಡೆಯ ಬಗ್ಗೆ ಏನೂ ಹೇಳಲಿಲ್ಲ.

ಗೀತಾಂಜಲಿಗೆ ಮೊದಲ ಸಲ ಸೀರಿಯಲ್ ಮುಗಿಯುವವರೆಗೆ ಕೂರಬೇಕು ಅನಿಸಲಿಲ್ಲ. ಅವಳು ಎದ್ದು ಹಿಂಬಾಗಿಲಿಗೆ ಬಂದಳು. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಹೊರಗೆ ಮಳೆ ಸಣ್ಣಗೆ ಹನಿಯುತ್ತಿತ್ತು.

“ಗೂಗಿ ಬಂತೇನ ಟಿವ್ಯಾಗ?” ಎಂದಳು ಅವ್ವ, ತಿರುಗದೆ.

“ಬಂತು. ಪ್ಲಾಸ್ಟಿಕಿಂದು.”

ಅವ್ವ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿದಳು. ಒದ್ದೆ ಅರಿವೆಯಿಂದ ನೀರು ಸವರಿದಳು.

“ನಮ್ದು?”

“ಅದು ಹಾರಿ ಹೋತಲ್ಲವ್ವಾ. ಅವತ್ತ.”

“ನಾ ನೋಡಲಿಲ್ಲ. ಆ ಸಾಹೇಬ್ರ ಮಾರಿ ನೋಡಕೋಂತ ನಿಂತಿದ್ನಿ.” ಅವ್ವ ಹಿಟ್ಟಿನ ಮುದ್ದೆ ಕೈಗೆತ್ತಿಕೊಂಡಳು. ಬಡಿಯಲಿಲ್ಲ. “ಹೆಂಗ ಹಾರಿತದು?”

ಗೀತಾಂಜಲಿ ಅವ್ವನ ಪಕ್ಕದಲ್ಲಿ ಕೂತಳು.

“ಮೊದಲ ಕುತಗಿ ಅಷ್ಟ ತಿರುವಿ ಹೊರಗ ನೋಡ್ತು. ಆಮ್ಯಾಲ ಪಕ್ಕ ಬಿಚ್ತು. ಎಷ್ಟ ಅಗಲ ಅಂತೀ, ಕಿಟಕಿ ತುಂಬ ಆಗಿತ್ತು. ಕೆಳಗ ಎಲ್ಲಾ ಬೆಳ್ಳಗ. ಶಾಮಿಯಾನದ ಮ್ಯಾಲ ಹಾಯ್ದು, ಹಲಸಿನ ಗಿಡ ದಾಟಿ, ಆ ಕತ್ತಲ ಇರತೈತಲ್ಲ ಅಡವ್ಯಾಗ, ಅಲ್ಲಿ ಹೋತು.”

“ಪಕ್ಕ ಬಡಿದ ಸಪ್ಪಳ ನನಗ ಕೇಳಲೇ ಇಲ್ಲಲ್ಲ.”

“ಸಪ್ಪಳನ ಆಗಲಿಲ್ಲವ್ವಾ. ಒಟ್ಟ ಆಗಲಿಲ್ಲ. ಅದಕ್ಕ ಯಾರೂ ಹೊಳ್ಳಿ ನೋಡಲಿಲ್ಲ.”

ಒಳಗೆ ಟಿವಿಯಲ್ಲಿ ಅತ್ತೆ ಯಾರನ್ನೋ ಬೈಯುತ್ತಿದ್ದಳು. ಹಂಚಿನ ಮೇಲಿನ ರೊಟ್ಟಿ ಉಬ್ಬಿತು. ಅವ್ವ ಅದನ್ನು ತಿರುವಿ ಹಾಕಿ, ಬಿರುಕು ಬಿಟ್ಟ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು.

“ಇನ್ನೊಮ್ಮೆ ಹೇಳು,” ಎಂದಳು.

ಗೀತಾಂಜಲಿ ಮೊದಲಿನಿಂದ ಶುರುಮಾಡಿದಳು. ಈ ಸಲ ಏನೂ ಬಿಡದೆ, ಮೆಲ್ಲಗೆ ಹೇಳಿದಳು.