ಬೈಕುಲ್ಲಾದಲ್ಲಿ ಇಳಿದ ಅಜ್ಜಿ

"ಕಹಾಂ ಉತರೋಗೇ?"

ಎಲ್ಲಿ ಇಳಿಯುತ್ತೀರಿ ಎಂದು ಹಸಿರು ಚೂಡಿದಾರದ ಹೆಂಗಸು ಕೇಳಿದ್ದು ಅಜ್ಜಿಯನ್ನು. ಸುಬ್ಬಲಕ್ಷ್ಮಿ ಅಜ್ಜಿಗೆ ಹಿಂದಿ ಬಾರದು. ಯಾರು ಏನು ಕೇಳಿದರೂ ಬಾಯಿ ತುಂಬ ನಗುವುದೇ ಅವರ ಉತ್ತರ. ಈಗಲೂ ನಕ್ಕರು.

ಅಜ್ಜಿಯ ಸೀಟಿನ ಮುಂದೆ ನಿಂತಿದ್ದ ಮೊಮ್ಮಗಳು ಧಾತ್ರಿ ಗಾಬರಿಯಿಂದ ಹೆಂಗಸಿನತ್ತ ನೋಡಿದಳು. ಅವರ ಕುಟುಂಬ ಮೈಸೂರು ಬಿಟ್ಟು ಮುಂಬೈಗೆ ಬಂದು ಎರಡೇ ತಿಂಗಳು. ಬಂದ ದಿನವೇ ಅಮ್ಮ ಹೇಳಿದ್ದಳು. "ಇದು ನಮ್ಮೂರಲ್ಲ. ಗುರುತಿಲ್ಲದವ್ರು ಎಲ್ಲಿಗೆ ಹೋಗ್ತೀಯ, ಮನೆ ಎಲ್ಲಿ ಅಂತ ಕೇಳಿದ್ರೆ ಹೇಳಬೇಡ, ಗೊತ್ತಾಯ್ತಾ?"

ಇವತ್ತು ಅಜ್ಜಿಗೆ ಮುಂಬಾದೇವಿಯ ದರ್ಶನ ಮಾಡಿಸಿದ ವಿಕ್ರಂ ಮಾಮ, ಇಬ್ಬರನ್ನೂ ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿಗೆ ಹತ್ತಿಸಿ ಹೋಗಿದ್ದ. ಘಾಟ್ಕೋಪರ್ ಸ್ಟೇಷನ್ನಿನಲ್ಲಿ ಅಮ್ಮ ಕಾಯುತ್ತಿದ್ದಳು.

ಹೆಂಗಸು ಬಿಡಲಿಲ್ಲ. ಮತ್ತೆ ಕೇಳಿದಳು. ಇವಳಿಗ್ಯಾಕೆ ಬೇಕು ಅದು? ಘಾಟ್ಕೋಪರ್ ಎಂದರೆ ಹಿಂದೆಯೇ ಇಳಿದು ಮನೆಯವರೆಗೂ ಬಂದುಬಿಟ್ಟರೆ?

ಬಾಗಿಲ ಮೇಲಿನ ಸ್ಟೇಷನ್ನುಗಳ ಪಟ್ಟಿಯಲ್ಲಿ ಕಣ್ಣಿಗೆ ಬಿದ್ದ ಹೆಸರನ್ನು ಧಾತ್ರಿ ಹೇಳಿಬಿಟ್ಟಳು. "ಬೈಕುಲ್ಲಾ."

"ಅಚ್ಛಾ! ಫಿರ್ ಏ ಸೀಟ್ ಮೇರಾ, ಹಾಂ?" ಹಾಗಾದರೆ ಈ ಸೀಟು ತನ್ನದು ಎಂದು ಹೆಂಗಸಿನ ಮುಖ ಅರಳಿತು. ಬೆಳಗ್ಗೆಯಿಂದ ಬಟ್ಟೆ ಅಂಗಡಿಯಲ್ಲಿ ನಿಂತು ನಿಂತು ಸಾಕಾಯಿತು, ವಿಕ್ರೋಳಿಯವರೆಗೆ ಕೂತು ಹೋಗಬಹುದು ಎಂದು ಪಕ್ಕದವಳಿಗೆ ಹೇಳಿಕೊಂಡಳು.

ಆಗ ಧಾತ್ರಿ ಡಬ್ಬಿಯ ತುಂಬ ಕಿವಿಗೊಟ್ಟಳು. ಎಲ್ಲರೂ ಎಲ್ಲರನ್ನೂ ಅದನ್ನೇ ಕೇಳುತ್ತಿದ್ದರು. "ದಾದರ್?" "ಕುರ್ಲಾ?" ಮೊದಲು ಇಳಿಯುವವರ ಸೀಟನ್ನು ಹೀಗೆ ಹೇಳಿಟ್ಟುಕೊಳ್ಳುವುದು ಇಲ್ಲಿಯ ರೂಢಿ!

ಧಾತ್ರಿಯ ಮುಖ ಬಿಸಿಯಾಯಿತು. ಈಗ ಹೇಳಿಬಿಡಲೇ? ಹಿಂದಿಯಲ್ಲಿ ಹೇಗೆ ಹೇಳುವುದು? ಎಲ್ಲರೂ ನಕ್ಕರೆ? ಮಸ್ಜಿದ್ ಸ್ಟೇಷನ್ ಹೋಯಿತು. ಸ್ಯಾಂಡ್‌ಹರ್ಸ್ಟ್ ರೋಡ್ ಹೋಯಿತು.

"ಚಲೋ ಆಜಿ, ಬೈಕುಲ್ಲಾ!"

ಹಸಿರು ಚೂಡಿದಾರದವಳು ಅಜ್ಜಿಯ ಕೈ ಹಿಡಿದು ಎಬ್ಬಿಸಿದಳು. ಇನ್ನೊಬ್ಬಳು ಚೀಲ ಎತ್ತಿಕೊಂಡಳು. "ಜರಾ ಜಗಹ್ ದೋ, ಆಜಿ ಇಳೀಬೇಕು!" ಎಂದು ಮತ್ತೊಬ್ಬಳು ದಾರಿ ಬಿಡಿಸಿದಳು. ಅವಳ ಮಾತಿನಲ್ಲಿ ಕನ್ನಡವೂ ಇಣುಕಿದ್ದು ಕೇಳಿ ಅಜ್ಜಿಗೆ ಇನ್ನೂ ಸಂತೋಷ. "ನಿಮ್ಮ ಹೊಟ್ಟೆ ತಣ್ಣಗಿರಲಿ ತಾಯಿ" ಎನ್ನುತ್ತಾ ಕೈಯಿಂದ ಕೈಗೆ ದಾಟಿ ಅವರು ಇಳಿದೇಬಿಟ್ಟರು.

"ಅಜ್ಜೀ! ನಮ್ಮ ಸ್ಟೇಷನ್ ಅಲ್ಲ!"

ಹತ್ತುವವರು ನುಗ್ಗಿದ ರಭಸಕ್ಕೆ ಧಾತ್ರಿ ಕಿಟಕಿಗೆ ಒತ್ತಿಕೊಂಡಳು. ಟ್ರೇನು ಹೊರಟಿತು. ಸರಳಿನಾಚೆ ಅಜ್ಜಿ ಟ್ರೇನಿಗೇ ಕೈ ಮುಗಿಯುತ್ತಾ ನಿಂತಿದ್ದರು. ಮರುಕ್ಷಣ ಕಾಣಲಿಲ್ಲ.

ಹಸಿರು ಚೂಡಿದಾರದವಳು ಆಗಷ್ಟೇ ಕೂತು ಉಸ್ಸೆಂದಿದ್ದಳು. "ಅರೇ, ನೀನು ಇಳೀಲಿಲ್ವಾ?" ಎಂದು ದಾರಿ ಬಿಡಿಸಿದವಳು ಕೂಗಿದಳು.

"ಆಂಟಿ... ಮೈನೆ ಝೂಟ್ ಬೋಲಾ." ಸುಳ್ಳು ಹೇಳಿದೆ ಎಂದು ಧಾತ್ರಿ ಒಪ್ಪಿಕೊಂಡಳು. "ಬೈಕುಲ್ಲಾ ನಹೀ. ಘಾಟ್ಕೋಪರ್."

ಡಬ್ಬಿಯೆಲ್ಲ ಒಟ್ಟಿಗೆ ಮಾತಾಡಿತು. ಅಜ್ಜಿ ಹತ್ತಿರ ಫೋನ್ ಇದೆಯಾ? ಇಲ್ಲ. ಹಿಂದಿ ಬರುತ್ತಾ? ಇಲ್ಲ. ಮರಾಠಿ? "ಅಯ್ಯೋ, ಬೇರೆ ಟ್ರೇನ್ ಹತ್ತಿಬಿಟ್ರೆ?"

ಹಸಿರು ಚೂಡಿದಾರದವಳು ಧಾತ್ರಿಯನ್ನು ಒಮ್ಮೆ ದುರುಗುಟ್ಟಿ ನೋಡಿದಳು. ತಾನು ಕೂತ ಸೀಟನ್ನು ಒಮ್ಮೆ ನೋಡಿದಳು. ಎದ್ದಳು. ಅವಳು ಏಳುವುದೇ ತಡ, ಇನ್ನಾರೋ ಕೂತಾಗಿತ್ತು.

ಮುಂದಿನ ಸ್ಟೇಷನ್ ಚಿಂಚ್‌ಪೋಕ್ಳಿಯಲ್ಲಿ ಇಳಿದು ಇಬ್ಬರೂ ಓಡಿದರು. ವಾಪಸ್ ಹೋಗುವ ಟ್ರೇನಿನಲ್ಲಿ ಅವಳು ಹೇಳಿದ್ದು ಒಂದೇ ಮಾತು, ತನ್ನ ಹೆಸರು ವಿಜೇತಾ ಎಂದು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು ಅನ್ನಿಸಿತು ಧಾತ್ರಿಗೆ. ದೇವರೇ, ಅಜ್ಜಿ ಅಲ್ಲೇ ಇರಲಿ ಎಂದು ಉದ್ದಕ್ಕೂ ಬೇಡಿಕೊಂಡಳು.

ಬೈಕುಲ್ಲಾದ ಪ್ಲಾಟ್‌ಫಾರ್ಮ್ ಜಾತ್ರೆಯಂತಿತ್ತು. ಒಂದು ಬೆಂಚು ನೋಡಿದರು, ಇಲ್ಲ. ಇನ್ನೊಂದು ನೋಡಿದರು, ಇಲ್ಲ. ಟೀ ಸ್ಟಾಲಿನ ಬಳಿಯೂ ಇಲ್ಲ.

"ಎಲ್ಲೇ ಹೋಗಿದ್ದೆ, ಮುಂಡೇದೆ?"

ಕಂಬಕ್ಕೆ ಆತುಕೊಂಡು, ಇಳಿಸಿದ ಜಾಗದಲ್ಲೇ ಅಜ್ಜಿ ನಿಂತಿದ್ದರು!

"ನಿಮ್ಮಮ್ಮ ಇನ್ನೂ ಬಂದಿಲ್ಲ ನೋಡು. ಈ ಊರಿನ ಹೆಂಗಸರು ಎಂಥಾ ಒಳ್ಳೆಯವ್ರು ಕಣೆ! ನಾ ಬಾಯೇ ಬಿಡಲಿಲ್ಲ, ನಮ್ಮ ಸ್ಟೇಷನ್ ಇದೇ ಅಂತ ಅವ್ರಿಗೆ ಹೇಗೆ ಗೊತ್ತಾಯ್ತೋ! ದೇವ್ರೇ ಹೇಳಿರಬೇಕು."

"ದೇವ್ರಲ್ಲ ಅಜ್ಜಿ, ನಾನು ಹೇಳಿದ್ದು. ಸುಳ್ಳು ಹೇಳಿದೆ. ಇದು ಘಾಟ್ಕೋಪರ್ ಅಲ್ಲ."

ಅಜ್ಜಿಯ ನಗು ನಿಂತಿತು. ಸುತ್ತಲ ಜನರನ್ನು, ದೂರದ ಬೋರ್ಡನ್ನು ನೋಡಿದರು. ಅವರ ಕೈ ತಡಕಾಡಿ ಧಾತ್ರಿಯ ಕೈಯನ್ನು ಹಿಡಿಯಿತು.

ವಿಜೇತಾಳತ್ತ ತಿರುಗಿ ಕೇಳಿದರು. "ಈ ತಾಯಿ?"

"ನಿಮ್ಮ ಸೀಟಿಗೆ ಕಾಯ್ತಿದ್ರಲ್ಲ, ಅವ್ರು. ನನ್ನ ಜೊತೆ ಬಂದ್ರು."

"ಹಾಗಾದ್ರೆ ಕೂತೇ ಇಲ್ವೇನೆ?"

ವಿಜೇತಾ ತನ್ನ ಫೋನು ಧಾತ್ರಿಯ ಕೈಗಿಟ್ಟಳು. "ಅಮ್ಮಾ, ನಾವು ಲೇಟಾಗಿ ಬರ್ತೀವಿ. ತಪ್ಪು ನಂದೇ. ಬಂದು ಹೇಳ್ತೀನಿ."

ಮುಂದಿನ ಟ್ರೇನಿನಲ್ಲಿ ಹುಡುಗಿಯೊಬ್ಬಳು ಎದ್ದು ಅಜ್ಜಿಗೆ ಸೀಟು ಕೊಟ್ಟಳು. ಅಜ್ಜಿ ಕೂತವರು, ವಿಜೇತಾಳ ಕೈ ಹಿಡಿದುಕೊಂಡರು. "ಸ್ವಲ್ಪ ಸರಕೊಳ್ರಮ್ಮ" ಎಂದು ಪಕ್ಕದವರಿಗೆ ಅಪ್ಪಟ ಕನ್ನಡದಲ್ಲೇ ಹೇಳಿದರು. ಏನು ಅರ್ಥವಾಯಿತೋ, ಅವರು ನಗುತ್ತಾ ಸರಿದರು. ಮೂವರ ಸೀಟಿನಲ್ಲಿ ನಾಲ್ಕನೆಯವಳಾಗಿ, ಗೇಣಗಲದ ಜಾಗದಲ್ಲಿ ವಿಜೇತಾ ಕೂತಳು. ಕೂತವಳೇ ಚಪ್ಪಲಿ ಕಳಚಿದಳು. ಪಟ್ಟಿ ಕಚ್ಚಿದ ಕಡೆಯೆಲ್ಲ ಪಾದ ಕೆಂಪಗೆ ಊದಿತ್ತು.

ದಾದರಿನಲ್ಲಿ ಜನ ನುಗ್ಗಿದರು. ಆ ಪಾದಗಳ ಎರಡೂ ಬದಿಗೆ ಕಾಲೂರಿ, ಸೀಟಿನ ಅಂಚು ಬಿಗಿಹಿಡಿದು ಧಾತ್ರಿ ನಿಂತಳು. ಬೆನ್ನಿಗೆ ಎಷ್ಟು ನೂಕಿದರೂ ಅಲುಗಲಿಲ್ಲ.