ದಾರಿ ತಪ್ಪಿಸಿದ ಕಲ್ಲುಗುಡ್ಡೆ

ಸೋಮವಾರ ಬೆಳಿಗ್ಗೆ ಎಂಟೂವರೆಗೆ ಹೊಲಿಗೆ ಅಂಗಡಿಯ ಹೆಂಗಸು ಠಾಣೆಗೆ ಬಂದಾಗ ಅಳತೆ ಟೇಪು ಇನ್ನೂ ಕುತ್ತಿಗೆಯಲ್ಲೇ ಇತ್ತು. ತಮ್ಮ ಕಾಣೆಯಾಗಿದ್ದಾನೆ ಎಂದಳು. ಅವನು ಎಲೆಕ್ಟ್ರಿಷಿಯನ್. ರಜೆ ಸಿಕ್ಕಿದರೆ ಸಾಕು, ಚೀಲ ಬೆನ್ನಿಗೇರಿಸಿ ಕಡಲಂಚಿನ ಬೆಟ್ಟ ಹತ್ತುವವನು. ಭಾನುವಾರ ಹೋದವನು ಮರಳಿರಲಿಲ್ಲ.

"ಹೋಗುವಾಗ ಏನಾದ್ರೂ ಹೇಳಿದ್ನಾ?" ಇನ್‌ಸ್ಪೆಕ್ಟರ್ ಕೇಳಿದರು.

"ಅವನೇನೂ ಹೇಳ್ಲಿಲ್ಲ ಸಾರ್. ಹೇಳಿದ್ದು ನಾನು."

"ಏನಂತ?"

"ಮದುವೆ ವಿಷಯಕ್ಕೆ ಜಗಳ ಆಯ್ತು. ಹೋಗು, ಆ ಬೆಟ್ಟದಲ್ಲೇ ಬಿದ್ದು ಸಾಯಿ ಅಂದೆ."

ದಫೇದಾರರ ಪೆನ್ನು ನಿಂತಿತು. "ಇದನ್ನೂ ಬರೀಲಾ ಸಾರ್?"

"ಬರೀರಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಕೆ ಸಹಿ ಹಾಕಿ, ಹೊರಗಿನ ಬೆಂಚಿನ ಮೇಲೆ ಕೂತಳು. ಮನೆಗೆ ಹೋಗಿ ಎಂದರೂ ಏಳಲಿಲ್ಲ.

ಆ ಬೆಟ್ಟವೆಂದರೆ ಸಾಮಾನ್ಯದ್ದಲ್ಲ. ಒಂದು ಕಡೆ ಕಡಲಿನಿಂದ ನೆಟ್ಟಗೆ ಎದ್ದ ಬಂಡೆ, ಇನ್ನೊಂದು ಕಡೆ ಆಳೆತ್ತರದ ಮುಳ್ಳುಪೊದೆ, ಮಧ್ಯಾಹ್ನ ದಾಟಿದರೆ ಕಡಲಿನಿಂದ ಏರುವ ಮಂಜು. ದಾರಿಗೆ ಗುರುತು ಎಂದರೆ ಕಲ್ಲಿನ ಮೇಲೆ ಕಲ್ಲಿಟ್ಟ ಗುಡ್ಡೆಗಳು. ಒಂದರ ಬಳಿ ನಿಂತರೆ ಮುಂದಿನದು ಕಾಣಬೇಕು, ಅದೇ ಲೆಕ್ಕ. ಅವನ್ನು ಕಟ್ಟಿದವರು ಬೆಟ್ಟದ ಬುಡದ ಮಾರ್ಗದರ್ಶಿ ಮತ್ತು ತೀರಿಕೊಂಡ ಅವನ ಅಪ್ಪ. ಬಂಡೆ ಹತ್ತುವ ಚುರುಕಿಗೆ ಊರೆಲ್ಲ ಆ ಮಾರ್ಗದರ್ಶಿಯನ್ನು ಮೇಕೆಯಣ್ಣ ಎನ್ನುತ್ತಿತ್ತು. ಹುಡುಕುವವರ ಮುಂದೆ ನಡೆದವನೂ ಅವನೇ.

ಅವನು ಎಲ್ಲೂ ನಿಲ್ಲದೆ, ಯಾವ ಪೊದೆಯನ್ನೂ ಸರಿಸಿ ನೋಡದೆ, ಕವಲುದಾರಿಯಲ್ಲಿ ಎಡಕ್ಕೆ ಹೊರಳಿದ. ಮುಳ್ಳು ದಾಟಿದರೆ ಪ್ರಪಾತ. ಹತ್ತಾಳು ಕೆಳಗಿನ ಬಂಡೆಯ ಚಾಚಿನ ಮೇಲೆ ಹೆಣ ಬಿದ್ದಿತ್ತು. ಅಸಹಜ ಸಾವೆಂದು ದಾಖಲಾಯಿತು. ಸಂಜೆಯೊಳಗೆ ಊರು ತನ್ನ ತೀರ್ಪನ್ನೂ ಕೊಟ್ಟಿತು: ಅಕ್ಕ ಬೈದಳು, ತಮ್ಮ ಹಾರಿದ.

ಇನ್‌ಸ್ಪೆಕ್ಟರಿಗೆ ಆ ತೀರ್ಪು ಗಂಟಲಲ್ಲಿ ಇಳಿಯಲಿಲ್ಲ. ಮಂಗಳವಾರ ಬೆಳಿಗ್ಗೆ ಮೇಕೆಯಣ್ಣನನ್ನೂ ಪಂಚರನ್ನೂ ಕರೆದುಕೊಂಡು ಮತ್ತೆ ಹತ್ತಿದರು. ಕವಲಿನ ಎಡಕ್ಕೆ ಒಂದು ಗುಡ್ಡೆಯಿತ್ತು. ಬಲಕ್ಕೆ, ಸರಿಯಾದ ದಾರಿಯಲ್ಲಿ, ಹುಲ್ಲಿನ ನಡುವೆ ಒಂದು ದುಂಡನೆಯ ಬೋಳು ಜಾಗ. ಪಂಚನಾಮೆಯಲ್ಲಿ ಎರಡನ್ನೂ ಬರೆಸಿದರು.

"ಎಡಗಡೇದು ಯಾರು ಕಟ್ಟಿದ್ದು?"

"ಯಾರೋ ಬಂದವರು ತಮಾಷೆಗೆ ಕಟ್ಟಿರ್ಬೇಕು ಸಾರ್."

ಏರು ಹತ್ತಿ ಏದುಸಿರು ಬಿಡುತ್ತಿದ್ದ ದಫೇದಾರರು, ಅವರದು ಸಣ್ಣ ದೇಹವೇನಲ್ಲ, ಆ ಗುಡ್ಡೆಯ ಮೇಲೇ ಕೂತುಬಿಟ್ಟರು. ಒಂದು ಕಲ್ಲೂ ಅಲುಗಲಿಲ್ಲ.

"ನನ್ನನ್ನ ತಡ್ಕೊಂಡಿದೆ ಅಂದ್ರೆ ತಮಾಷೆಗೆ ಕಟ್ಟಿದ್ದಲ್ಲ ಬಿಡಿ ಸಾರ್."

ಇನ್‌ಸ್ಪೆಕ್ಟರ್ ಬಗ್ಗಿ ನೋಡಿದರು. ಕಡಲ ಕಡೆಯ ಸಂದಿಗೆ ಒಂದು ತೆಳು ಕಲ್ಲುಚಕ್ಕೆಯನ್ನು ಬಿಗಿಯಾಗಿ ಸಿಕ್ಕಿಸಲಾಗಿತ್ತು. ದಾರಿಯುದ್ದಕ್ಕೂ ಹಿಂದೆ ಹೋಗಿ ಹಳೆಯ ಗುಡ್ಡೆಗಳನ್ನು ಪರೀಕ್ಷಿಸಿದರು. ಎಲ್ಲದರಲ್ಲೂ ಅದೇ ಕಡೆ ಅದೇ ಚಕ್ಕೆ. ಮರಳಿ ಬಂದು, "ಬೋಳಾದ ಜಾಗದಲ್ಲಿ ಒಂದು ಕಟ್ಟಿಬಿಡಿ. ಇನ್ನೊಬ್ಬರು ದಾರಿ ತಪ್ಪೋದು ಬೇಡ" ಎಂದರು.

ಮೇಕೆಯಣ್ಣ ಕಲ್ಲು ಹೊತ್ತು ತಂದು ಕಟ್ಟಿದ. ಅರ್ಧಕ್ಕೆ ಬಂದಾಗ ಅವನ ಕೈ ತಾನಾಗಿ ನೆಲ ತಡವಿ ಒಂದು ಚಕ್ಕೆ ಆರಿಸಿ ಕಡಲ ಕಡೆಗೆ ಸಿಕ್ಕಿಸಿತು.

"ಅದ್ಯಾಕೆ?"

"ಗಾಳಿ ಆ ಕಡೆಯಿಂದ ಬರುತ್ತೆ. ಇಲ್ದಿದ್ರೆ ನಿಲ್ಲಲ್ಲ ಸಾರ್. ಅಪ್ಪ ಕಲಿಸಿದ್ದು. ಬೇರೆಯವರಿಗೆ ಗೊತ್ತಿ..."

ಅವನು ಎಡಗಡೆಯ ಗುಡ್ಡೆಯನ್ನು ನೋಡಿದ, ಇನ್‌ಸ್ಪೆಕ್ಟರನ್ನು ನೋಡಿದ. ಜನರನ್ನು ದಾರಿ ತಪ್ಪಿಸಲು ಕಟ್ಟುವಾಗಲೂ ಸೊಟ್ಟಗೆ ಕಟ್ಟಲು ಅವನ ಕೈಗೆ ಬಂದಿರಲಿಲ್ಲ.

"ಯಾಕೆ ಮಾಡ್ದೆ?" ಇನ್‌ಸ್ಪೆಕ್ಟರ್ ಈಗ ಬಹುವಚನ ಬಿಟ್ಟಿದ್ದರು.

"ಮುಂಚೆ ನನ್ನ ಕೇಳದೆ ಯಾರೂ ಹತ್ತುತ್ತಿರಲಿಲ್ಲ ಸಾರ್. ಈಗ ನಾನು ಕಟ್ಟಿದ ಕಲ್ಲು ನೋಡ್ಕೊಂಡು ನನ್ನ ಮನೆ ಮುಂದೇನೇ ಹೋಗ್ತಾರೆ. ಮುಖ ಎತ್ತಿ ನೋಡಲ್ಲ. ಎರಡು ಸಲ ಮುಳ್ಳಲ್ಲಿ ಸಿಕ್ಕಾಕ್ಕೊಂಡ್ರೆ ಮೇಕೆಯಣ್ಣ ಬೇಕು ಅನ್ಸುತ್ತೆ ಅಂತ ಮಾಡ್ದೆ."

"ಮಂಜು ಬೀಳುತ್ತೆ ಅಂತ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು."

"ಅವನು ಬಿದ್ದಿದ್ದು ನೋಡಿದ್ಯಾ?"

"ಇಲ್ಲ ಸಾರ್. ಸೀಟಿ ಕೇಳಿಸ್ತು. ಮೂರು ಸಲ ಊದೋದು, ನಿಲ್ಲಿಸೋದು, ಮತ್ತೆ ಮೂರು ಸಲ. ಸಹಾಯ ಬೇಕು ಅಂತ ಅರ್ಥ. ಹಾಗೆ ಊದ್ಬೇಕು ಅಂತ ಬಂದವರಿಗೆಲ್ಲ ಹೇಳಿಕೊಡ್ತಿದ್ದವನು ನಾನೇ."

"ಹೋಗ್ಲಿಲ್ಲ."

"ಮುಳ್ಳಲ್ಲಿದ್ದಾನೆ, ಸ್ವಲ್ಪ ಒದ್ದಾಡಲಿ ಅಂತ ಜಗಲೀಲಿ ಕೂತೆ. ಎದ್ದು ಹೊರಡೋ ಹೊತ್ತಿಗೆ ನಿಂತೋಯ್ತು. ದಾರಿ ಸಿಕ್ಕಿರ್ಬೇಕು ಅಂದ್ಕೊಂಡೆ. ಹಾಗಂದ್ಕೊಂಡ್ರೆ ನಿದ್ದೆ ಬರುತ್ತೆ ಅಂತ ಅಂದ್ಕೊಂಡೆ. ಬರ್ಲಿಲ್ಲ ಸಾರ್" ಎಂದ.

ಮಧ್ಯಾಹ್ನ ಎರಡಕ್ಕೆ FIR ದಾಖಲಿಸಿ ಅವನನ್ನು ಬಂಧಿಸಿದರು. ಮಾಡಿದ್ದೆಲ್ಲ ತನ್ನನ್ನು ಜನ ಕರೆಯಲಿ ಎಂಬ ಒಂದೇ ಆಸೆಗೆ. ನಿಜವಾಗಿ ಕರೆದ ದಿನ ಅವನು ಹೋಗಲಿಲ್ಲ. ದಫೇದಾರರು ಕೈಕೋಳ ಹಾಕಿದರು.

"ಆ ಸೀಟಿ ವಿಷಯ ಅಕ್ಕನಿಗೆ ಹೇಳ್ಬೇಡಿ ಸಾರ್," ಎಂದರು ದಫೇದಾರರು ಜೀಪಿನಲ್ಲಿ. "ಸತ್ತೇ ಹೋಗ್ತಾಳೆ."

"ಕೋರ್ಟಿನಲ್ಲಿ ಹೇಗಿದ್ರೂ ಓದ್ತಾರೆ. ಇವತ್ತು ನಮ್ಮಿಂದ ಕೇಳ್ಲಿ."

ಹೊಲಿಗೆ ಅಂಗಡಿಯ ಶಟರ್ ಅರ್ಧ ಇಳಿದಿತ್ತು. ಆಕೆ ಯಂತ್ರದ ಮುಂದೆ ಸುಮ್ಮನೆ ಕೂತಿದ್ದಳು. ಎರಡು ದಿನದಿಂದ ಕಣ್ಣಲ್ಲಿ ಒಂದು ಹನಿಯಿಲ್ಲ ಎಂದು ಪಕ್ಕದ ಅಂಗಡಿಯವರು ಹೇಳಿದರು. ಇನ್‌ಸ್ಪೆಕ್ಟರ್ ಸ್ಟೂಲು ಎಳೆದುಕೊಂಡು ಎಲ್ಲವನ್ನೂ ಹೇಳಿದರು, ಸೀಟಿಯನ್ನೂ ಬಿಡದೆ.

"ಎಷ್ಟು ಹೊತ್ತು ಊದಿದ್ನಂತೆ?"

"ಸುಮಾರು ಒಂದು ಗಂಟೆ ಅಮ್ಮ."

"ಹಾಗಾದ್ರೆ ಅವನಿಗೆ ಬದುಕಬೇಕು ಅಂತ ಇತ್ತು," ಎಂದಳು.

"ಇತ್ತಮ್ಮ."

ಆಗ ಆಕೆ ಅತ್ತಳು. ಇನ್‌ಸ್ಪೆಕ್ಟರ್ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು, ಅಳು ಮುಗಿಯುವವರೆಗೂ ಅಲ್ಲೇ ಕೂತಿದ್ದರು.