ಗಾಜಿನ ಕೋಣೆಯ ಇಪ್ಪತ್ತಮೂರು ಡಿಗ್ರಿ

"ಆ ಮೆಷಿನ್ ನಾನು ಆಫ್ ಮಾಡಿಲ್ಲಮ್ಮ. ದೇವರಾಣೆಗೂ ಮಾಡಿಲ್ಲ," ಎಂದಳು ಸಿಸ್ಟರ್. ಕುರ್ಚಿ ತೋರಿಸಿದರೂ ಅವಳು ಕೂತಿರಲಿಲ್ಲ.

ಅವಳನ್ನು ಅಳತೆಯಮ್ಮನ ಮನೆಗೆ ಕರೆತಂದವನು ಕಾಂಪೌಂಡರ್. ಬೀದಿಯ ತುದಿಯಲ್ಲಿ ಅವನದು ಔಷಧದ ಅಂಗಡಿ. ಹಿಂದೆ ಡಾಕ್ಟರೊಬ್ಬರ ಬಳಿ ಮದ್ದು ಕಲಸಿಕೊಡುತ್ತಿದ್ದ ಕಾಲದ ಹೆಸರು ಇನ್ನೂ ಅಂಟಿಕೊಂಡಿತ್ತು. ಅಳತೆಯಮ್ಮ ಹವಾಮಾನ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಬಿಸಿಲು, ಗಾಳಿ, ತೇವ ಅಳೆದು ನಿವೃತ್ತರಾದವರು. ಬೀದಿಯಲ್ಲಿ ಏನು ಕಳೆದರೂ, ಯಾರ ಮೇಲೆ ಅನುಮಾನ ಬಂದರೂ ಜನ ಮೊದಲು ಅವರ ಬಾಗಿಲು ತಟ್ಟುತ್ತಿದ್ದರು. ಅವರು ಹೊರಟರೆಂದರೆ ಕಾಂಪೌಂಡರ್ ಅಂಗಡಿಯ ಷಟರ್ ಎಳೆದು ಹಿಂದೆಯೇ ಹೊರಡುತ್ತಿದ್ದ. ಈ ಸಲ ಅವನಿಗೆ ತನ್ನದೇ ಒಂದು ಕಳವಳವಿತ್ತು. ಹಿಂದಿನ ದಿನ ಮಧ್ಯಾಹ್ನ "ಮಾತ್ರೆ ಈಗ ಬಂದುಬಿಡುತ್ತೆ, ವ್ಯಾನ್ ಹೊರಟಿದೆಯಂತೆ" ಎಂದು ಹೇಳುತ್ತಾ ಸಿಸ್ಟರನ್ನು ಒಂದೂವರೆ ಗಂಟೆ ಅಂಗಡಿಯಲ್ಲಿ ಕೂರಿಸಿದವನು ಅವನೇ.

"ಮೊದಲಿಂದ ಹೇಳು," ಎಂದರು ಅಳತೆಯಮ್ಮ.

ಸಿಸ್ಟರ್ ನರ್ಸಾಗಿ ನೋಡಿಕೊಳ್ಳುತ್ತಿದ್ದ ಡ್ರಾಯಿಂಗ್ ಮೇಷ್ಟ್ರಿಗೆ ಪಾರ್ಶ್ವವಾಯು ಬಡಿದು ಬಲಭಾಗ ಬಿದ್ದುಹೋಗಿತ್ತು, ಮಾತೂ ನಿಂತಿತ್ತು. ಬದುಕೆಲ್ಲ ಬೆಳಕು ನೋಡಿ ಚಿತ್ರ ಬರೆದವರು ಕತ್ತಲ ಕೋಣೆಯಲ್ಲಿ ಸೂರು ನೋಡುತ್ತಾ ಮಲಗಿರುವುದನ್ನು ಕಾಣಲಾರದೆ ಮಗ ಮನೆಯ ಪಡುವಣಕ್ಕೆ ಗಾಜಿನ ಕೋಣೆಯೊಂದನ್ನು ಕಟ್ಟಿಸಿದ್ದ. ಬಿಸಿಲನ್ನು ತಡೆಯುವ ಲೇಪದ ಜೋಡಿ ಗಾಜು, ತಣ್ಣಗಿಡಲು ಎ.ಸಿ. ಕೆಲಸ ವಹಿಸಿಕೊಂಡ ಕಂಟ್ರಾಕ್ಟರ್ ಬೇರೆ ಯಾರೂ ಅಲ್ಲ, ಸೊಸೆಯ ಸ್ವಂತ ಅಣ್ಣ.

"ನಿನ್ನೆ ಎರಡು ಗಂಟೆಗೆ ಮೇಷ್ಟ್ರನ್ನ ಗಾಲಿ ಕುರ್ಚಿಲಿ ಒಳಗೆ ಕರ್ಕೊಂಡು ಹೋದೆ. ಗೋಡೆ ಮೇಲಿನ ಡಬ್ಬಿ ಇಪ್ಪತ್ತಮೂರು ತೋರಿಸ್ತಿತ್ತು. ಸ್ವಲ್ಪ ಬೆಚ್ಚಗಿದೆ ಅನ್ನಿಸ್ತು ನಿಜ. ನನ್ನ ಮೈಗಿಂತ ಅಂಕಿನೇ ಸರಿ ಇರುತ್ತೆ ಅಂದ್ಕೊಂಡೆ. ಮೇಷ್ಟ್ರ ಸೊಸೆ, ಆ ಅಕ್ಕನಿಗೆ ಹೇಳಿ ಮಾತ್ರೆ ತರೋಕೆ ಹೋದೆ. ನಾಲ್ಕಕ್ಕೆ ವಾಪಸ್ ಬಂದಾಗ ಅಕ್ಕ ಕೋಣೆ ಬಾಗಿಲು ತೆಗೆದು ಕಿರುಚ್ತಿದ್ರು. ಒಳಗೆ ಒಲೆ ಬಾಯಿ ತೆಗೆದ ಹಾಗಿತ್ತು. ಮೇಷ್ಟ್ರಿಗೆ ಪ್ರಜ್ಞೆ ಇರಲಿಲ್ಲ."

"ರಿಮೋಟು?"

"ನನ್ನ ಜೇಬಲ್ಲೇ ಉಳಿದಿತ್ತು. ಅದಕ್ಕೇ ಎಲ್ಲರೂ ನನ್ನ ಮೇಲೆ ಬಿದ್ದಿದ್ದು. ನಾಳೆ ಹನ್ನೊಂದಕ್ಕೆ ಸ್ಟೇಷನ್ನಿಗೆ ಬಾ ಅಂದಿದ್ದಾರೆ ಇನ್‌ಸ್ಪೆಕ್ಟರ್."

ಅಳತೆಯಮ್ಮ ಚಪ್ಪಲಿ ಮೆಟ್ಟಿದರು. ದಾರಿಯಲ್ಲಿ ಒಂದು ಬೆಂಕಿಪೊಟ್ಟಣ ಕೊಂಡರು. ಅವರು ಬೀಡಿ ಸೇದುವವರೂ ಅಲ್ಲ, ಒಲೆ ಹಚ್ಚುವ ಹೊತ್ತೂ ಅಲ್ಲ. ಏಕೆಂದು ಕೇಳಿದರೆ ಉತ್ತರ ಸಿಗದೆಂದು ಕಾಂಪೌಂಡರನಿಗೆ ಗೊತ್ತಿತ್ತು.

ಮನೆಯಲ್ಲಿ ಮಾತಾಡಲು ಮುಂದೆ ಬಂದವರು ಮೇಷ್ಟ್ರ ತಮ್ಮ, ಎಲ್ಲರ ಬಾಯಲ್ಲಿ ಚಿಕ್ಕಪ್ಪ. ಆ ಜಾಗದಲ್ಲಿ ಮರಗೆಲಸದ ಕೊಟ್ಟಿಗೆ ಹಾಕಬೇಕೆಂದಿದ್ದ ಅವರಿಗೆ ಗಾಜಿನ ಕೋಣೆ ಕಂಡರೆ ಮೈಯೆಲ್ಲ ಉರಿ. "ಪಡುವಣಕ್ಕೆ ಗಾಜು ಹಾಕ್ತಾರೇನ್ರೀ ಯಾರಾದ್ರೂ? ಐದು ದಿನ ಆ ಮೆಷಿನ್ ಎಮ್ಮೆ ಥರ ಒದರಿದ್ದೇ ಒದರಿದ್ದು, ಮಧ್ಯಾಹ್ನ ಮೂವತ್ತೊಂದಕ್ಕಿಂತ ಕೆಳಗೆ ಇಳೀಲಿಲ್ಲ. ನಿನ್ನೆ ಒಂದೂವರೆಗೆ ಕಂಟ್ರಾಕ್ಟರ್ ಒಬ್ಬನೇ ಬಂದು ಏನೋ ಸರಿಮಾಡಿ ಹೋದ. ಹತ್ತೇ ನಿಮಿಷಕ್ಕೆ ಇಪ್ಪತ್ತಮೂರು! ಸಂಜೆ ನಮ್ಮ ಹುಡುಗ ಕೆಲಸ ಒಪ್ಪಿಗೆ ಅಂತ ಸಹಿ ಹಾಕೋದಿತ್ತು, ಸಹಿ ಬಿದ್ರೆ ಬಾಕಿ ದುಡ್ಡು ಅವನ ಕೈಗೆ."

ಸೊಸೆಯ ಕಣ್ಣುಗಳು ಅತ್ತು ಊದಿಕೊಂಡಿದ್ದವು. ಬಾಗಿಲ ಗಾಜಿನಿಂದ ಎರಡು ಸಲ ಇಣುಕಿದ್ದೆ, ಮಾವ ಕಣ್ಣು ಮುಚ್ಚಿದ್ದರು, ನಿದ್ದೆ ಎಂದುಕೊಂಡೆ ಎಂದಳು.

"ಡಬ್ಬಿ ನೋಡಿದ್ರಾ?"

"ನೋಡಿದೆ. ಎರಡು ಸಲವೂ ಇಪ್ಪತ್ತಮೂರೇ. ಬಾಗಿಲು ತೆಗೆದಾಗಲೂ ಅಷ್ಟೇ ಇತ್ತು."

"ಆಮೇಲೆ?"

"ಸಿಸ್ಟರ್, ಚಿಕ್ಕಪ್ಪ ಸೇರಿ ಮಾವನ್ನ ಹೊರಗೆ ಎತ್ತಿಕೊಂಡು ಹೋದ್ರು. ಅಣ್ಣನ ಇನ್ನೊಂದು ಕೆಲಸ ಪಕ್ಕದ ಬೀದಿಲೇ ಇದೆ, ಫೋನ್ ಮಾಡಿದ ತಕ್ಷಣ ಓಡಿಬಂದ. ಅವನು ಕೋಣೆಗೆ ಹೋದ ಮೇಲೇ ಮೆಷಿನ್ ಮತ್ತೆ ಶುರುವಾಗಿದ್ದು. ಡಾಕ್ಟರ್ ಬಂದಾಗ ಡಬ್ಬಿ ನಲವತ್ತೊಂದು ತೋರಿಸ್ತಿತ್ತು."

ಅಳತೆಯಮ್ಮ ಗಾಜಿನ ಕೋಣೆಗೆ ಹೋದರು. ಬೂದು ಬಣ್ಣದ ಹೊಸ ಗೋಡೆಯ ಮೇಲೆ, ಅಂಗೈಯಗಲದ ಥರ್ಮೋಸ್ಟಾಟ್ ಡಬ್ಬಿಯ ಕೆಳಗೆ, ನೀರಿಳಿದು ಒಣಗಿದ ಬಿಳಿ ಗೆರೆಯೊಂದಿತ್ತು. ಡಬ್ಬಿಯ ಸಂದಿಯಲ್ಲಿ ಹಳದಿ ಚೂರೊಂದು ಸಿಕ್ಕಿಕೊಂಡಿತ್ತು. ಅದನ್ನು ಕೂದಲು ಕೀಳುವ ಚಿಮ್ಮಟದಿಂದ ಎಳೆದು ಕಾಂಪೌಂಡರ್ ಹಿಡಿದಿದ್ದ ಮಾತ್ರೆ ಕವರಿನೊಳಗೆ ಹಾಕಿದರು. ಅದು ಸ್ಪಂಜು. ಆಮೇಲೆ ಬೆಂಕಿಕಡ್ಡಿ ಗೀರಿ ಹನ್ನೆರಡು ಗಾಜುಗಳ ಮುಂದೆಯೂ ಒಂದೊಂದಾಗಿ ಹಿಡಿದು ನೋಡಿದರು. ಕೊನೆಗೆ "ಇನ್‌ಸ್ಪೆಕ್ಟರಿಗೆ ಹೇಳಿಕಳಿಸು. ಮೂರು ಗಂಟೆಗೆ ಎಲ್ಲರೂ ಇಲ್ಲೇ ಇರಲಿ," ಎಂದರು.

ಮೂರಕ್ಕೆ ಎಲ್ಲರೂ ಸೇರಿದರು. ಮಗ ಆಸ್ಪತ್ರೆಯಿಂದ ನೇರವಾಗಿ ಬಂದಿದ್ದ. ಅಪ್ಪನಿಗೆ ಪ್ರಜ್ಞೆ ಬಂದಿದೆ, ಅಪಾಯ ಪೂರ್ತಿ ಕಳೆದಿಲ್ಲ ಎಂದ. ಕಂಟ್ರಾಕ್ಟರ್ ಕೈ ಕಟ್ಟಿ ಬಾಗಿಲ ಬಳಿ ನಿಂತ. ಸಿಸ್ಟರ್ ಮೂಲೆಯಲ್ಲಿ, ಯಾರ ಮುಖವನ್ನೂ ನೋಡದೆ. ಹೊರಗೆ ಎ.ಸಿ.ಯ ಯಂತ್ರ ಒದರುತ್ತಿತ್ತು, ಡಬ್ಬಿ ಮೂವತ್ತೆರಡು ತೋರಿಸುತ್ತಿತ್ತು.

ಅಳತೆಯಮ್ಮ ಡಬ್ಬಿಯ ಮುಚ್ಚಳ ಬಿಚ್ಚಿದರು. ಒಳಗೆ ತಂತಿಯ ತುದಿಯಲ್ಲಿ ಮೆಣಸಿನ ಕಾಳಿನಷ್ಟು ದಪ್ಪದ ಮಣಿಯೊಂದಿತ್ತು. "ಕೋಣೆ ಎಷ್ಟು ಬಿಸಿ ಅಂತ ಮೆಷಿನ್‌ಗೆ ಹೇಳೋದು ಈ ಮಣಿ," ಎನ್ನುತ್ತಾ ಒದ್ದೆ ಸ್ಪಂಜಿನ ತುಂಡನ್ನು ಅದಕ್ಕೆ ಸುತ್ತಿ ಕೈಬೀಸಣಿಗೆಯಿಂದ ಗಾಳಿ ಹಾಕಿದರು.

ಮೂವತ್ತು. ಇಪ್ಪತ್ತೇಳು. ಇಪ್ಪತ್ತನಾಲ್ಕು. ಇಪ್ಪತ್ತಮೂರಕ್ಕೆ ಇಳಿಯುತ್ತಿದ್ದಂತೆ ಹೊರಗಿನ ಯಂತ್ರ ಗಕ್ಕನೆ ನಿಂತಿತು. ಇನ್‌ಸ್ಪೆಕ್ಟರ್ ಟೋಪಿ ತೆಗೆದು ಹಣೆ ಒರೆಸಿಕೊಂಡ.

"ನಮ್ಮ ಕಚೇರಿಲಿ ಎರಡು ಥರ್ಮಾಮೀಟರ್ ಜೊತೆಗಿರ್ತಿದ್ವು," ಎಂದರು ಅಳತೆಯಮ್ಮ. "ಒಂದು ಒಣಗಿದ್ದು, ಒಂದಕ್ಕೆ ಒದ್ದೆ ಬಟ್ಟೆ. ನೀರು ಆರುವಾಗ ಶಾಖ ಹೀರುತ್ತೆ, ಒದ್ದೆಯದು ಯಾವಾಗಲೂ ಕಡಿಮೆ ತೋರಿಸುತ್ತೆ. ಇಂಥ ಒಣ ಬಿಸಿಲಲ್ಲಂತೂ ಹತ್ತು ಹದಿನೈದು ಡಿಗ್ರಿ ಕಡಿಮೆ. ಮೆಷಿನನ್ನ ಇಪ್ಪತ್ತನಾಲ್ಕಕ್ಕೆ ಇಟ್ಟಿದ್ರು. ಮಣಿ ಇಪ್ಪತ್ತಮೂರು ಅಂತು. ನನ್ನ ಕೆಲಸ ಮುಗೀತು ಅಂತ ಅದು ನಿಂತುಬಿಡ್ತು. ಆಮೇಲೆ ಕೋಣೆ ಕಾದಿದ್ದೇ ಕಾದಿದ್ದು."

"ಅಂದ್ರೆ ರಿಮೋಟಿಂದ ಆಫ್ ಆಗಿಲ್ಲ?" ಎಂದ ಇನ್‌ಸ್ಪೆಕ್ಟರ್.

"ಆಫ್ ಮಾಡಿದ್ರೆ ಕೋಣೆ ಕಾದ ಹಾಗೆ ಅಂಕಿಯೂ ಏರಬೇಕಿತ್ತು. ಬಾಗಿಲು ತೆಗೆದಾಗ ಒಳಗೆ ಒಲೆ, ಅಂಕಿ ಮಾತ್ರ ಇಪ್ಪತ್ತಮೂರು. ಇದನ್ನ ಹೇಳಿದ್ದು ಸಿಸ್ಟರ್ ಅಲ್ಲ, ಈ ಮನೆ ಸೊಸೆ."

ಕಂಟ್ರಾಕ್ಟರ್ ನಕ್ಕ. "ಸರಿ ಮೇಡಂ. ಆದ್ರೆ ಸ್ಪಂಜು ಯಾರು ಬೇಕಾದ್ರೂ ಇಡಬಹುದಲ್ಲ. ಈ ಕೋಣೆ ಅಂದ್ರೆ ಆಗದವರು ಮನೇಲೇ ಇದ್ದಾರೆ."

"ನನ್ನ ಮೇಲೆ ಗೂಬೆ ಕೂರಿಸ್ತೀಯೇನೋ!" ಎಂದು ಚಿಕ್ಕಪ್ಪ ರೇಗಿ ಎದ್ದರು. ಮಗ ಭುಜ ಹಿಡಿದು ಕೂರಿಸಿದ.

"ಮೇಷ್ಟ್ರಿಗೆ ಕೇಡು ಬಗೆಯೋರಿಗೆ ಸ್ಪಂಜು ಯಾಕೆ? ಸ್ವಿಚ್ ಒತ್ತಿದ್ರೆ ಸಾಕು," ಎಂದರು ಅಳತೆಯಮ್ಮ. "ಅಂಕಿ ಸುಳ್ಳು ಹೇಳಬೇಕಾಗಿದ್ದು ಅಂಕಿ ತೋರಿಸಬೇಕಾಗಿದ್ದವನಿಗೆ. ಐದು ದಿನ ಮೂವತ್ತೊಂದಕ್ಕಿಂತ ಇಳೀದೇ ಇದ್ದದ್ದು ನೀವು ಬಂದು ಹೋದ ಹತ್ತು ನಿಮಿಷಕ್ಕೆ ಇಳೀತು. ಸಂಜೆ ಸಹಿ ಆಗೋದಿತ್ತು. ನಾಲ್ಕು ಗಂಟೆಗೆ ಉಳಿದವರೆಲ್ಲ ಮೇಷ್ಟ್ರ ಹಿಂದೆ ಹೋದಾಗ ಈ ಡಬ್ಬಿ ಮುಂದೆ ಇದ್ದವರು ನೀವೊಬ್ಬರೇ. ಅಷ್ಟರಲ್ಲಿ ಅಂಕಿ ನಲವತ್ತೊಂದಕ್ಕೆ ಜಿಗೀತು. ಅವಸರಕ್ಕೆ ಸ್ಪಂಜಿನ ಚೂರು ಸಂದಿಲೇ ಉಳೀತು. ಇನ್ನು ಮೆಷಿನ್ ಯಾಕೆ ಸೋಲ್ತಿತ್ತು ಅನ್ನೋದು."

ಬಾಗಿಲ ಪಕ್ಕದ ಗಾಜಿನ ಮುಂದೆ ಅವರು ಬೆಂಕಿಕಡ್ಡಿ ಗೀರಿದರು. "ಎಷ್ಟು ಜ್ವಾಲೆ ಕಾಣ್ತವೆ?"

ಮಗ ಬಗ್ಗಿ ನೋಡಿದ. "ನಾಲ್ಕು. ಒಂದರ ಬಣ್ಣ ಬೇರೆ. ಕೆಂಪಗಿದೆ."

"ಎರಡು ಗಾಜು, ನಾಲ್ಕು ಮೈ, ನಾಲ್ಕು ಪ್ರತಿಬಿಂಬ. ಬಿಸಿಲು ತಡೆಯೋ ಲೇಪ ಇರೋ ಮೈಯಲ್ಲಿ ಬಣ್ಣ ಬೇರೆ ಕಾಣುತ್ತೆ. ನಿಮಗೆ ಮಾದರಿ ಅಂತ ತೋರಿಸಿದ್ದು ಈ ಗಾಜು ತಾನೆ? ಈಗ ಪಕ್ಕದ್ದು ನೋಡಿ."

ಮಗ ಎರಡನೆಯದು ನೋಡಿದ, ಮೂರನೆಯದು ನೋಡಿದ. ಆಮೇಲೆ ಬೆಂಕಿಪೊಟ್ಟಣವನ್ನು ತಾನೇ ಕಿತ್ತುಕೊಂಡು ಕಡ್ಡಿ ಗೀರುತ್ತಾ ಕೊನೆಯವರೆಗೂ ಹೋದ. ಉಳಿದ ಹನ್ನೊಂದರಲ್ಲೂ ನಾಲ್ಕೂ ಜ್ವಾಲೆ ಒಂದೇ ಹಳದಿ; ಲೇಪವೇ ಇರಲಿಲ್ಲ.

"ಭಾವ," ಎಂದ ಅವನು. ಉರಿದ ಕಡ್ಡಿಯನ್ನು ಕಂಟ್ರಾಕ್ಟರನ ಕಡೆ ಚಾಚಿದ.

ಕಂಟ್ರಾಕ್ಟರನ ಕಟ್ಟಿದ ಕೈ ಸಡಿಲಾಯಿತು. "ಸಹಿ ಆಗೋ ತನಕ ಅಷ್ಟೇ ಅಂದ್ಕೊಂಡಿದ್ದೆ. ಆಮೇಲೆ ಗಾಜು ಬದಲಾಯಿಸ್ತಿದ್ದೆ. ಮೆಷಿನ್ ನಿಂತುಹೋಗುತ್ತೆ ಅಂತ ಹೊಳೀಲಿಲ್ಲ. ಮೇಷ್ಟ್ರು ಒಳಗಿದ್ದಾರೆ ಅಂತ ನಂಗೆ ಗೊತ್ತೇ ಇರಲಿಲ್ಲ."

"ಗೊತ್ತಿತ್ತು ಅಣ್ಣ," ಎಂದಳು ಸೊಸೆ.

ಎಲ್ಲರೂ ಅವಳತ್ತ ತಿರುಗಿದರು. ಅಳತೆಯಮ್ಮನೂ. ಇದು ಅವರ ಲೆಕ್ಕದಲ್ಲಿ ಇರಲಿಲ್ಲವೆಂದು ಕಾಂಪೌಂಡರನಿಗೆ ಅವರ ಮುಖ ನೋಡಿಯೇ ತಿಳಿಯಿತು.

"ಎರಡೂವರೆಗೆ ನಾನೇ ಫೋನ್ ಮಾಡಿದ್ದೆ. ಕೋಣೆ ಚೆನ್ನಾಗಿ ತಣ್ಣಗಾಗಿದೆ, ಮಾವ ಅಲ್ಲೇ ಮಲಗಿದ್ದಾರೆ, ನಿನ್ನಿಂದ ಅವರಿಗೆ ಒಳ್ಳೇದಾಯ್ತು ಅಂದೆ. ಮೆಷಿನ್ ಸದ್ದೂ ಇಲ್ಲ ಅಂದೆ. ನೀನು ಹೂಂ ಅಂದೆ. ಹೂಂ ಅಂದು ಫೋನ್ ಇಟ್ಟೆ."

ಅವನು ನೆಲ ನೋಡಿದ. "ಬಂದು ಸ್ಪಂಜು ತೆಗೆದಿದ್ರೆ ಎಲ್ಲರಿಗೂ ಗೊತ್ತಾಗ್ತಿತ್ತು," ಎಂದ. ಆ ಮಾತು ಬಾಯಿಂದ ಬಿದ್ದಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಅವನೂ ಪ್ರಯತ್ನಿಸಲಿಲ್ಲ.

ಇನ್‌ಸ್ಪೆಕ್ಟರ್ ಅವನನ್ನು ಕರೆದುಕೊಂಡು ಹೋದ. ಅಣ್ಣ ಗೇಟು ದಾಟುವವರೆಗೂ ಸೊಸೆ ನಿಂತಲ್ಲೇ ನಿಂತಿದ್ದಳು. ಆಮೇಲೆ ಮೂಲೆಗೆ ಹೋಗಿ ಸಿಸ್ಟರಿನ ಎದುರು ನಿಂತಳು. "ನಿಮ್ಮ ಮೇಲೆ ದೂರು ಕೊಟ್ಟಿದ್ದು ನಾನು. ಏನು ಹೇಳಬೇಕೋ ಗೊತ್ತಾಗ್ತಿಲ್ಲ."

ಸಿಸ್ಟರ್ ತನ್ನ ಚೀಲ ಕೈಗೆತ್ತಿಕೊಂಡಳು. "ನಂಗೂ ಗೊತ್ತಾಗ್ತಿಲ್ಲ ಅಕ್ಕ. ಈಗ ಆಸ್ಪತ್ರೆಗೆ ಹೋಗೋಣ. ಮೇಷ್ಟ್ರನ್ನ ಎಡಕ್ಕೆ ಹೊರಳಿಸಿದ್ರೆ ಮಾತ್ರ ನಿದ್ದೆ ಬರೋದು ಅಂತ ಅಲ್ಲಿಯೋರಿಗೆ ಗೊತ್ತಿರಲ್ಲ."

ಆ ಸಂಜೆ ಮಾತ್ರೆ ಕೊಡುವ ನೆಪದಲ್ಲಿ ಕಾಂಪೌಂಡರ್ ಆಸ್ಪತ್ರೆಗೆ ಹೋದ. ಸೊಸೆ ಮಾವನ ಮಂಚದ ಪಕ್ಕ ಕೂತು, ಅಣ್ಣ ಮಾಡಿದ್ದನ್ನು ಒಂದೂ ಬಿಡದೆ, ದನಿ ಏರಿಸದೆ ಹೇಳುತ್ತಿದ್ದಳು. ಸಿಸ್ಟರ್ ದಿಂಬು ಸರಿಪಡಿಸುತ್ತಿದ್ದಳು. ಹೇಳಿ ಮುಗಿಸಿ ಸೊಸೆ ಏಳಹೊರಟಾಗ ಮೇಷ್ಟ್ರು ಎಡಗೈ ಚಾಚಿ ಅವಳ ಮಣಿಕಟ್ಟು ಹಿಡಿದುಕೊಂಡರು. ಊಟದ ಗಾಡಿ ಬರುವವರೆಗೂ ಬಿಡಲಿಲ್ಲ.